ನಕ್ಷೆ ಸಿದ್ದಣ್ಣ

ಕರೆಂಟು ಬಂತು ಎಂದರೆ ಸಿದ್ದಣ್ಣ ನಂಬುತ್ತಿರಲಿಲ್ಲ. ತಲೆಯ ಮೇಲೆ ಬಲ್ಬು ಉರಿಯುತ್ತಿರುತ್ತಿತ್ತು, ಫ್ಯಾನು ತಿರುಗುತ್ತಿರುತ್ತಿತ್ತು, ಕೆಳಗೆ ಅವರ ತಮ್ಮನ ಕೊಬ್ಬರಿ ಮಂಡಿಯಲ್ಲಿ ರೇಡಿಯೋ ಬಾಯಿಬಿಟ್ಟಾಗಿರುತ್ತಿತ್ತು. ಈ ಮಹಾರಾಯರು ಮಾತ್ರ ಕಂಪ್ಯೂಟರಿನ ಗುಂಡಿ ಮುಟ್ಟದೆ ಕೈಕಟ್ಟಿ ಕೂತಿರುತ್ತಿದ್ದರು. “ಬಂದೈತೆ, ಒಪ್ಕೊತೀನಿ. ನಿಲ್ತದೆ ಅಂತ ಯಾರ್ ಹೇಳಿದ್ರು ನಿಂಗೆ?” ಎಂದು ನನ್ನನ್ನೇ ಗದರುವರು, ಕರೆಂಟಿಗೆ ನಾನೇ ಜಾಮೀನು ನಿಂತವಳ ಹಾಗೆ.

ಬಸ್ಸಿನ ಮೇಲೆ ಕಡೂರು ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳುವರು. ಆತ ಹೌದೆಂದರೆ ಪಕ್ಕದ ಸೀಟಿನವರನ್ನು ಕೇಳುವರು. ಹೋಟೆಲಿನಲ್ಲಿ ಚಟ್ನಿ ಮೂಸಿ ನೋಡದೆ ಇಡ್ಲಿ ಮುರಿದವರಲ್ಲ. ಡಾಕ್ಟರು ಬರೆದುಕೊಟ್ಟ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ಅಂಗಡಿಯಲ್ಲಿ ಕೊಂಡು, ಎದುರಿನ ಅಂಗಡಿಗೆ ಹೋಗಿ “ಇದು ಅದೇನಾ ನೋಡಪ್ಪ” ಎಂದು ತೋರಿಸಿ, ಇಬ್ಬರಿಂದಲೂ ಬೈಸಿಕೊಂಡು ಬಂದಿದ್ದರು. ಪೂರ್ತಿ ಹೆಸರು ಮರುಳಸಿದ್ದಪ್ಪ. ಪಂಚನಹಳ್ಳಿ ಕಡೆಯ ತೆಂಗಿನ ತೋಟದವರು, ವ್ಯಾಪಾರಕ್ಕೆಂದು ಕಡೂರಿಗೆ ಬಂದು ನೆಲೆಸಿದ ಮನೆತನ. ಬಿಳಿ ಅರ್ಧ ತೋಳಿನ ಅಂಗಿ, ಹಣೆಗೆ ವಿಭೂತಿ, ಅದರ ಮೇಲಕ್ಕೆ ಏರಿಸಿದ ಕನ್ನಡಕ. ಬನಿಯನ್ನಿಗೆ ಒಳಜೇಬು ಹೊಲಿಸಿ, ಅದಕ್ಕೊಂದು ಪಿನ್ನು ಹಾಕಿ, ಆ ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇಟ್ಟುಕೊಂಡಿರುತ್ತಿದ್ದರು. ಸ್ನಾನಕ್ಕೆ ಹೋಗುವಾಗ ಅದನ್ನು ಎಲ್ಲಿಡುತ್ತಿದ್ದರೋ ದೇವರೇ ಬಲ್ಲ. ನಾನು ಕೇಳಿದ್ದಕ್ಕೆ, “ಯಾಕೆ ಬೇಕಿತ್ತು ನಿಂಗೆ?” ಎಂದರು.

ಆ ಪೆನ್ ಡ್ರೈವಿನಲ್ಲಿ ಇದ್ದದ್ದು ‘ನಕ್ಷೆ’ಯ ಕೀಲಿ. ನಕ್ಷೆ ಎಂದರೆ ಸಿದ್ದಣ್ಣ ಆ ಮಂಡಿಯ ಅಟ್ಟದ ಕೋಣೆಯಲ್ಲಿ ಕೂತು ಬರೆದು, ವರ್ಷಗಟ್ಟಲೆ ಸಾಕಿದ ತಂತ್ರಾಂಶ. ಕ್ಲೌಡ್ ಅಂದರೆ ಮತ್ತೇನಲ್ಲ, ದೊಡ್ಡ ಕಂಪನಿಗಳ ಕಂಪ್ಯೂಟರುಗಳನ್ನು ದೂರದಿಂದಲೇ ಬಾಡಿಗೆಗೆ ಹಿಡಿಯುವುದು. ಅಲ್ಲಿ ಬೇಕಾದ್ದನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಒತ್ತಿ ಒತ್ತಿ ಕಟ್ಟಿಕೊಳ್ಳುವ ಬದಲು, ನನಗೆ ಇಷ್ಟು ಸರ್ವರ್ ಬೇಕು, ದಾಖಲೆ ಇಡಲು ಇಲ್ಲೊಂದು ಡೇಟಾಬೇಸ್ ಬೇಕು ಎಂದು ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು, ನಕ್ಷೆ ಅದನ್ನು ಓದುತ್ತದೆ. ಈಗ ಅಲ್ಲಿ ಇರುವುದಕ್ಕೂ ನೀವು ಬರೆದಿರುವುದಕ್ಕೂ ತಾಳೆ ನೋಡುತ್ತದೆ. ಇದನ್ನು ಹೊಸದಾಗಿ ಕಟ್ಟುತ್ತೇನೆ, ಇದನ್ನು ಬದಲಿಸುತ್ತೇನೆ, ಇದನ್ನು ಕೆಡವುತ್ತೇನೆ, ಆಗಬಹುದಾ ಎಂದು ಕೇಳಿ ನಿಲ್ಲುತ್ತದೆ. ನೀವು ಹೂಂ ಎಂದ ಮೇಲೆಯೇ ಕೆಲಸ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದುಪಡಿ ಬರೆದು ಕಳಿಸಬಹುದು. ಆದರೆ ಆ ತಿದ್ದುಪಡಿ ಸೇರಿಸಿ ಹೊಸ ಆವೃತ್ತಿ ಎಂದು ಲೋಕಕ್ಕೆ ಬಿಡುವುದಕ್ಕೆ ಕೀಲಿ ಬೇಕು. ಕೀಲಿ ಬನಿಯನ್ನಿನ ಜೇಬಿನಲ್ಲಿ.

ಅನುಮಾನ ಅವರ ಸ್ವಭಾವವೋ ಕೆಲಸದಿಂದ ಅಂಟಿಕೊಂಡ ಚಾಳಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸವಂತೂ ಅಂಥದ್ದೇ. ಕ್ಲೌಡ್ ಕಂಪನಿಗಳು ತಮ್ಮ ರೀತಿನೀತಿಗಳನ್ನು ಸದಾ ಬದಲಿಸುತ್ತಲೇ ಇರುತ್ತವೆ, ನಕ್ಷೆಯೂ ಹಿಂದೆಯೇ ಬದಲಾಗಬೇಕು. ಬದಲಿಸುವಾಗ ಒಂದು ಸಾಲು ತಪ್ಪಿದರೆ ಎಲ್ಲೋ ಒಂದು ಆಸ್ಪತ್ರೆಯ ದಾಖಲೆಗಳು ನೆಲಸಮ. “ಕಟ್ಟೋದು ತಪ್ಪಾದ್ರೆ ಇನ್ನೊಂದ್ಸಲ ಕಟ್ಬೋದು ಕಣಮ್ಮ. ಕೆಡವೋದು ತಪ್ಪಾದ್ರೆ ಹೋಯ್ತು, ಅಷ್ಟೆ” ಎನ್ನುತ್ತಿದ್ದರು.

ನಾನು ತರೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ನಕ್ಷೆಯ ಬಗ್ಗೆ ಮಕ್ಕಳಿಗೆ ಹೇಳುವಾಗ ಅದರ ಕೈಪಿಡಿಯಲ್ಲಿ ಏನೇನೋ ಗೊಂದಲ ಕಂಡು, ತಿದ್ದಿ ಕಳಿಸಿದ್ದೆ. ತಿದ್ದಿದ್ದಕ್ಕೆ ಧನ್ಯವಾದ ಬರಲಿಲ್ಲ, “ಕಡೂರಿಗೆ ಬನ್ನಿ, ಮುಖ ನೋಡಬೇಕು” ಎಂದು ಬಂತು. ಶನಿವಾರ ರೈಲು ಹತ್ತಿ ಹೋದೆ. ಕೊಬ್ಬರಿ ಚೀಲಗಳ ನಡುವಿನ ಮೆಟ್ಟಿಲು ಹತ್ತಿ ನಿಂತವಳನ್ನು ಕೂರು ಎಂದೂ ಅನ್ನದೆ ಅವರು ಕೇಳಿದ ಮೊದಲ ಪ್ರಶ್ನೆ: “ತರೀಕೆರೇಲಿ ಯಾರ ಮನೆ? ಯಾರ ಪೈಕಿ?”

ನಾನು ತಾತನ ಹೆಸರು ಹೇಳಿದೆ. ಗಂಟುಹಾಕಿದ್ದ ಮುಖ ಅರಳಿತು. “ಓಹೋ, ಅಡಿಕೆ ಮಂಡಿ ಶಿವಪ್ಪನೋರ ಮೊಮ್ಮಗಳಾ? ಮೊದ್ಲೇ ಹೇಳ್ಬಾರ್ದಾ! ನಮ್ಮೋರೇ. ಕೂತ್ಕೋ ಕೂತ್ಕೋ” ಎಂದು, ಕೆಳಗೆ ಬಗ್ಗಿ ಕಾಫಿಗೆ ಕೂಗು ಹಾಕಿದರು. ನನ್ನ ಓದು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಆ ಶನಿವಾರದಿಂದ ನಾನು ಅವರ ಬಲಗೈ ಎನ್ನಿಸಿಕೊಂಡೆ. ಕೀಲಿ ಮಾತ್ರ ನನಗೂ ಇಲ್ಲ, ಬಲಗೈಯನ್ನೂ ನಂಬುವ ಪೈಕಿಯಲ್ಲ ಆಸಾಮಿ.

ನನ್ನ ಕೆಲಸ ಓದುವುದು. ಯಾರೇ ತಿದ್ದುಪಡಿ ಕಳಿಸಲಿ, ಅದನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಿ, ಇದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಕೆಳಗೆ ಮಂಡಿಯಲ್ಲಿ ತೂಕದವನು ತೂಕ ಕೂಗಿದರೆ ಬರೆಯುವವನು ಅದನ್ನೇ ತಿರುಗಿ ಕೂಗಿದ ಮೇಲೆಯೇ ಚೀಲ ಇಳಿಸುವುದು. ಆ ಪದ್ಧತಿಯನ್ನೇ ಇವರು ಅಟ್ಟಕ್ಕೆ ತಂದಿದ್ದರು. ಕನ್ನಡದಲ್ಲಿ ಹೇಳಲು ನಾನು ತಡವರಿಸಿದರೆ, “ಅಲ್ಲೇನೋ ಐತೆ, ನಿಂತ್ಕೋ” ಎಂದು ಕಣ್ಣು ಬಿಡುವರು.

ಒಮ್ಮೆ ಹಾಗೇ ಆಯಿತು. ಕಾಗುಣಿತ ತಿದ್ದಿದ್ದೇನೆ ಎಂದು ಯಾವನೋ ಪುಣ್ಯಾತ್ಮ ಉದ್ದನೆಯ ತಿದ್ದುಪಡಿ ಕಳಿಸಿದ್ದ. ಓದಿ ಓದಿ ನನಗೆ ಆಕಳಿಕೆ. ನಡುವೆ ಒಂದು ಸಾಲನ್ನು ಕನ್ನಡದಲ್ಲಿ ಹೇಳುವಾಗ ನನ್ನ ಬಾಯಿ ಕಟ್ಟಿತು. ಕೆಡವುವ ಮುಂಚೆ ಆಗಬಹುದಾ ಎಂದು ಕೇಳುವ ಭಾಗವನ್ನೇ ಆ ಸಾಲು ಸದ್ದಿಲ್ಲದೆ ತೆಗೆದುಹಾಕುತ್ತಿತ್ತು! ಅದು ಹೊರಗೆ ಹೋಗಿದ್ದರೆ ಎಷ್ಟು ಜನರ ಮನೆ ಮುರಿಯುತ್ತಿತ್ತೋ. ನಾನು ಕುರ್ಚಿ ಬಿಟ್ಟು ಎದ್ದೇ ನಿಂತೆ. ಸಿದ್ದಣ್ಣ ಮಾತ್ರ ಹಬ್ಬದೂಟ ಉಂಡವರ ಹಾಗೆ ತೃಪ್ತಿಯಿಂದ ಕೂತಿದ್ದರು.

ತಮಾಷೆ ಇರುವುದು ಮುಂದೆ. ತಿದ್ದುಪಡಿ ಕಳಿಸುವವರು ತಮ್ಮ ಊರು ಯಾವುದು, ಯಾರ ಮನೆಯವರು ಎಂದು ಬರೆಯಬೇಕೆಂದು ಸಿದ್ದಣ್ಣ ನಕ್ಷೆಯ ಪುಟದಲ್ಲೇ ಇಂಗ್ಲಿಷಿನಲ್ಲಿ ಹಾಕಿದ್ದರು. ಪ್ರಪಂಚದಲ್ಲಿ ಬೇರೆ ಯಾವ ತಂತ್ರಾಂಶದ ಪುಟದಲ್ಲೂ ಈ ಪ್ರಶ್ನೆ ಇರಲಿಕ್ಕಿಲ್ಲ. ಹೊರದೇಶದವರು ಬೆಪ್ಪಾಗಿ, ಪಾಪ, ಅಜ್ಜನ ಹೊಲದಲ್ಲಿ ಏನು ಬೆಳೆಯುತ್ತಿದ್ದರು ಎಂಬುದನ್ನೂ ಬರೆದು ಕಳಿಸುತ್ತಿದ್ದರು. ಆ ಕಾಗುಣಿತದ ಕಳ್ಳನೂ ಬರೆದಿದ್ದ. ಊರು, ಅಜ್ಜ, ಅಜ್ಜಿಯ ತವರು, ಎಲ್ಲ ಅಚ್ಚುಕಟ್ಟಾಗಿ! “ನೋಡಿ ನಿಮ್ಮ ಪ್ರಶ್ನೆಯ ಯೋಗ್ಯತೆ” ಎಂದು ನಾನು ಕುಟುಕಿದೆ. ಅವರು ಗಲ್ಲ ಕೆರೆದುಕೊಂಡು, “ಹೌದು ಕಣಮ್ಮ, ಅಜ್ಜಿ ತವರಿನ ಅಜ್ಜನ್ನೂ ಕೇಳ್ಬೇಕಿತ್ತು” ಎಂದು ಇನ್ನೊಂದು ಪ್ರಶ್ನೆ ಸೇರಿಸಿದರು. ಏನು ಹೇಳೋಣ ಇಂಥವರಿಗೆ.

ಈ ಪ್ರಶ್ನೆಗೆ ಜಪ್ಪಯ್ಯ ಅಂದರೂ ಉತ್ತರ ಕೊಡದೆ ಒಂದು ಆಸಾಮಿ ಬಹಳ ಕಾಲದಿಂದ ತಿದ್ದುಪಡಿ ಕಳಿಸುತ್ತಿತ್ತು. ‘ಲೂಪ್‌ಲೈನ್’ ಎಂದಷ್ಟೇ ಹೆಸರು, ಸ್ಟೇಷನ್ನಿನಲ್ಲಿ ಪಕ್ಕದ ಹಳಿಗೆ ಹೇಳುತ್ತಾರಲ್ಲ ಹಾಗೆ. ಅಂಥ ಕೆಲಸವನ್ನು ನಾನು ನೋಡಿಲ್ಲ. ಓದುತ್ತಾ ಹೋದರೆ ಕನ್ನಡ ತಾನಾಗಿ ಬಾಯಿಗೆ ಬರುತ್ತಿತ್ತು, ಎಲ್ಲೂ ತಡೆಯಿಲ್ಲ. ಸಿದ್ದಣ್ಣ ಕಣ್ಣು ಮುಚ್ಚಿ ತಲೆದೂಗುವರು. “ಈ ಮಟ್ಟದ ಕೈ ನಮ್ಮ ದೇಶದಾಗೆ ಇಲ್ಲ, ಬರ್ಕೊಡ್ತೀನಿ ಬೇಕಾದ್ರೆ” ಎನ್ನುವರು. ಮರುಕ್ಷಣವೇ ಕಣ್ಣು ಬಿಟ್ಟು, “ಊರು ಯಾಕೆ ಹೇಳಲ್ಲ ಇವ್ನು? ಏನೋ ಮಸಲತ್ತೈತೆ” ಎನ್ನುವರು. ನನಗೂ ಅನುಮಾನ ಹತ್ತಿಕೊಂಡಿತು. ಇಷ್ಟು ಕೆಲಸ ಬಿಟ್ಟಿ ಮಾಡಿಕೊಟ್ಟು, ಹೊಗಳಿದರೂ ಒಂದು ಮಾತಾಡದೆ ಇರುವವರು ಯಾರಿದ್ದಾರೆ? ಕೀಲಿಗೇ ಹೊಂಚು ಹಾಕಿದ್ದಾನೆ ಎಂದು ಇಬ್ಬರೂ ತೀರ್ಮಾನಿಸಿದೆವು.

ಅಷ್ಟರಲ್ಲಿ ಸಿದ್ದಣ್ಣನ ಕಣ್ಣು ಕೈಕೊಟ್ಟಿತು. ಸಕ್ಕರೆ ಕಣ್ಣಿನ ನರಕ್ಕೆ ಇಳಿದಿದೆ, ಪರದೆ ನೋಡುವುದು ಬಿಡಿ ಎಂದರು ಡಾಕ್ಟರು. ಎಂದಿನಂತೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿದರು, ಆತನೂ ಅದನ್ನೇ ಹೇಳಿದ. ಅದೇ ಹೊತ್ತಿಗೆ ಒಂದು ಕ್ಲೌಡ್ ಕಂಪನಿ, ನಕ್ಷೆಯಂಥ ತಂತ್ರಾಂಶಗಳು ತನ್ನೊಡನೆ ವ್ಯವಹರಿಸುವ ಹಳೆಯ ದಾರಿ ಮುಚ್ಚುತ್ತೇನೆಂದು ಸಾರಿತು. ಹೊಸ ದಾರಿಗೆ ಹೊಂದಿಸಿ ಹೊಸ ಆವೃತ್ತಿ ಬಿಡದಿದ್ದರೆ ನಕ್ಷೆ ನಿಂತೇಹೋಗುತ್ತದೆ. ಅದಕ್ಕೆ ಬೇಕಾದ ತಿದ್ದುಪಡಿಯನ್ನು ಪೂರ್ತಿ ಬರೆದು ಕಳಿಸಿದ್ದು ಇದೇ ಲೂಪ್‌ಲೈನ್. ನಾನು ಓದಿದೆ. ಬಂಗಾರದಂಥ ಕೆಲಸ. ಇನ್ನು ಮುಂದೆ ಇದನ್ನೆಲ್ಲ ನಡೆಸಿಕೊಂಡು ಹೋಗಬಲ್ಲ ಜೀವ ಭೂಮಿಯ ಮೇಲೆ ಇದೊಂದೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನಿಂದ ಆಗುವ ಕೆಲಸವಲ್ಲ ಅದು. ಸಿದ್ದಣ್ಣ ಬಹಳ ಹೊತ್ತು ಜೇಬು ಮುಟ್ಟಿಕೊಂಡು ಕೂತಿದ್ದು, ಕೊನೆಗೆ ಬರೆಸಿದರು: ಕೀಲಿ ಕೊಡುತ್ತೇನೆ, ಕಡೂರಿಗೆ ಬಂದು ಮುಖ ತೋರಿಸಬೇಕು.

ಉತ್ತರ ಬಂತು: ಭಾನುವಾರ ಬರುತ್ತೇನೆ.

ಆ ಭಾನುವಾರದ ಸಂಭ್ರಮ ಏನು ಕೇಳುತ್ತೀರಿ. ಬರುವವನು ವಿಮಾನದಲ್ಲಿ ಬರುತ್ತಾನೋ ಏನೋ, ಜೊತೆಗೆ ಪೈಲ್ವಾನರನ್ನು ಕರೆತರುತ್ತಾನೋ ಎಂದು ಸಿದ್ದಣ್ಣ ಮಂಡಿಯ ಇಬ್ಬರು ಹಮಾಲಿಗಳನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದ್ದರು. ಬಂದವಳು ಒಬ್ಬ ಹೆಣ್ಣುಮಗಳು. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಹಮಾಲಿಗಳಿಗೆ “ಸ್ವಲ್ಪ ದಾರಿ ಬಿಡಣ್ಣ” ಎಂದು ಮೇಲೆ ಬಂದಳು. ಮೂವತ್ತರ ಆಸುಪಾಸು. “ನಮಸ್ಕಾರ ಸರ್. ನಾನೇ ಲೂಪ್‌ಲೈನ್” ಎಂದಳು.

ಸಿದ್ದಣ್ಣನಿಗೆ ಬೆವರು. ಆದರೆ ಖುಷಿಯೂ ಆಗಿತ್ತು, ನಾನು ನೋಡಿದೆ. ಕುರ್ಚಿ ಎಳೆದು ಕೊಟ್ಟರು. “ನಮ್ಮ ಭಾಷೆಯೋಳೇ! ಯಾವೂರಮ್ಮ?”

“ಶಿವನಿ, ಸರ್.”

“ಶಿವನೀನಾ! ಇಲ್ಲೇ ಅಜ್ಜಂಪುರದ ಹತ್ರ! ಶಿವನೀಲಿ ಯಾರ ಮನೆ? ಯಾರ ಪೈಕಿ?”

ಅವಳು ಹೆಲ್ಮೆಟ್ಟನ್ನು ತೊಡೆಯ ಮೇಲಿಂದ ತೆಗೆದು ಕೆಳಗಿಟ್ಟಳು. ತಪ್ಪಿಸಿಕೊಳ್ಳಲಿಲ್ಲ. “ನನ್ನ ಹೆಸ್ರು ಗೌತಮಿ. ಸ್ಟೇಷನ್ ಹಿಂದ್ಗಡೆ ಕೇರಿಯೋರು ನಾವು. ನಮ್ಮಪ್ಪ ರೈಲ್ವೇಲಿ ಹಳಿ ನೋಡ್ಕೊಳ್ಳೋ ಗ್ಯಾಂಗ್‌ಮನ್ ಆಗಿದ್ರು. ಈಗ ನಾವು ಬೌದ್ಧರು” ಎಂದಳು.

ಸಿದ್ದಣ್ಣ ಕೆಟ್ಟ ಮಾತಾಡಲಿಲ್ಲ. ಮುಖ ಸಿಂಡರಿಸಲಿಲ್ಲ, ಎದ್ದೂ ಹೋಗಲಿಲ್ಲ. ಆ ಮಟ್ಟದ ಮನುಷ್ಯರಲ್ಲ ಅವರು. ಕನ್ನಡಕ ಹಣೆಯಿಂದ ಕೆಳಗಿಳಿಸಿ, ಅವಳ ಮುಖ ನೋಡಿ ಕೇಳಿದರು: “ಇದ್ನೆಲ್ಲ ನೀನೇ ಬರ್ದಿದ್ದೇನಮ್ಮ? ಯಾರಾದ್ರೂ ಹೇಳ್ಕೊಟ್ರಾ?”

ಹಿಂದಿನ ದಿನದವರೆಗೂ ಲೂಪ್‌ಲೈನ್ ಯಾರು ಎಂಬ ಅನುಮಾನ ಇತ್ತೇ ಹೊರತು, ಕೆಲಸದ ಮೇಲೆ ಎಳ್ಳಿನಷ್ಟೂ ಅನುಮಾನ ಇರಲಿಲ್ಲ. ಯಾರು ಎಂಬುದು ಗೊತ್ತಾದ ಕೂಡಲೇ ಅನುಮಾನ ಕೆಲಸಕ್ಕೆ ತಿರುಗಿತು. ನಾನು ತಾತನ ಹೆಸರು ಹೇಳಿದಾಗ ಈ ಪ್ರಶ್ನೆ ಬಂದಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಹೆಲ್ಮೆಟ್ಟಿನಲ್ಲೇ ಹೊಡೆಯುತ್ತಿದ್ದೆ.

ಗೌತಮಿ ನಕ್ಕಳು. ಸಿಟ್ಟಿನ ನಗು ಅಲ್ಲ, ಬಸ್ಸು ಹೊರಟುಹೋಯಿತಲ್ಲ ಎಂಬಂಥ ನಗು. “ಇಷ್ಟು ದಿನ ಹೆಸ್ರು ಹೇಳ್ದೆ ಇದ್ದಿದ್ದು ಇದಕ್ಕೇ ಸರ್” ಎಂದಳು.

ಸಿದ್ದಣ್ಣನಿಗೆ ತಾವು ಏನು ಅಂದೆವೆಂದು ಆಗ ತಿಳಿಯಿತೋ ಏನೋ. ಗಡಿಬಿಡಿಯಿಂದ ಅಂಗಿಯ ಗುಂಡಿ ಬಿಚ್ಚಿ, ಪಿನ್ನು ಚುಚ್ಚಿಕೊಂಡು, ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. “ನಾನು ಎಲ್ರನ್ನೂ ಹಂಗೇ ಕೇಳೋದು ಕಣಮ್ಮ. ತಗೋ, ತಗೋ. ಕಾಫಿ ಬತ್ತದೆ, ಕೂತ್ಕೋ.”

“ಅದು ನಿಮ್ಮ ಹತ್ರಾನೇ ಇರ್ಲಿ ಸರ್. ಕೋಡು ಎಲ್ರದ್ದೂ ಅಂತ ನೀವೇ ಬರೆದಿದೀರ. ನಾನು ಅದರದ್ದೊಂದು ಪ್ರತಿ ತಗೊಂಡು ಬೇರೆ ಹೆಸ್ರಲ್ಲಿ ನಡೆಸ್ತೀನಿ. ಬಳಸೋರು ಯಾರೂ ನಡುದಾರೀಲಿ ಬೀಳಬಾರ್ದು” ಎಂದು ಕೈಮುಗಿದು, ಮೆಟ್ಟಿಲಿಳಿದು ಹೋದಳು. ಕಾಫಿ ಬಂದಾಗ ಇಬ್ಬರೇ ಇದ್ದೆವು.

ಹಾಗೆ ಪ್ರತಿ ತೆಗೆದು ನಡೆಸಲು ನಕ್ಷೆಯ ನಿಯಮದಲ್ಲೇ ಅವಕಾಶವಿತ್ತು. ಗೌತಮಿ ತನ್ನದಕ್ಕೆ ‘ಹಳಿ’ ಎಂದು ಹೆಸರಿಟ್ಟಳು. ಹಳೆಯ ದಾರಿ ಮುಚ್ಚುವ ಮುಂಚೆಯೇ ಹೊಸ ಆವೃತ್ತಿ ಬಿಟ್ಟಳು. ನಕ್ಷೆ ಬಳಸುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಅತ್ತ ಹೋದರು. ಕೀಲಿ ಇದ್ದರೂ ಅದನ್ನು ಹಾಕಿ ತೆಗೆಯುವುದಕ್ಕೆ ಏನೂ ಉಳಿಯಲಿಲ್ಲ. “ಕದ್ಕೊಂಡು ಹೋದ್ಲು. ಮೊದ್ಲಿಂದಾನೂ ಇದೇ ಮಸಲತ್ತು” ಎಂದು ಸಿದ್ದಣ್ಣ ಹಾರಾಡಿದರು. “ಕದ್ದಿದ್ದಲ್ಲ, ನೀವೇ ಓಡಿಸಿದ್ದು! ಬಾಯಿ ಮುಚ್ಕೊಂಡು ಕೂತ್ಕೊಳಿ” ಎಂದು ನಾನೂ ಹಾರಾಡಿದೆ. ಕೆಲವು ಶನಿವಾರ ಹೋಗಲೇ ಇಲ್ಲ. ಆಮೇಲೆ ಮನಸ್ಸು ತಡೆಯದೆ ಹೋದೆ. ಎಷ್ಟಾದರೂ ಸಿದ್ದಣ್ಣ ಎಂದರೆ ನನಗೆ ಪ್ರೀತಿ.

ಹೋಗಿ ನೋಡಿದರೆ ಈ ಪುಣ್ಯಾತ್ಮರು ಹೊಸ ದೊಡ್ಡ ಪರದೆ ತರಿಸಿ, ಒಂದೊಂದು ಅಕ್ಷರವನ್ನೂ ಗೇಣುದ್ದ ಮಾಡಿಕೊಂಡು, ಮೂಗು ತಾಗಿಸಿ ಹಳಿಯನ್ನು ಓದುತ್ತಿದ್ದಾರೆ. ತಪ್ಪು ಹುಡುಕುತ್ತಿದ್ದಾರೆ! “ಸಿಕ್ಕೇ ಸಿಗ್ತದೆ ನೋಡ್ತಿರು” ಎಂದರು. ಬರಬರುತ್ತಾ ಓದುವಾಗ ತಲೆದೂಗುವುದು ಮತ್ತೆ ಶುರುವಾಯಿತು. ಕೊನೆಗೂ ಒಂದು ತಪ್ಪು ಸಿಕ್ಕಿತು. ನಿಜವಾದ ತಪ್ಪು. ಯಾರಾದರೂ ತಮ್ಮ ಫೈಲಿನಲ್ಲಿ ಡೇಟಾಬೇಸಿನ ಹೆಸರನ್ನಷ್ಟೇ ಬದಲಿಸಿ ಬರೆದರೆ, ಹಳಿಯು ಬದಲಿಸುತ್ತೇನೆ ಆಗಬಹುದಾ ಎಂದಷ್ಟೇ ಕೇಳಿ, ಹಳೆಯದು ಬೇಡವಾಯಿತು ಎಂದು ತಿಳಿದು ಅದನ್ನು ಕೆಡವಿ, ಹೊಸ ಹೆಸರಿನ ಖಾಲಿ ಡೇಟಾಬೇಸ್ ಕಟ್ಟಿಬಿಡುತ್ತಿತ್ತು.

ಇನ್ನು ಊರೆಲ್ಲ ಡಂಗುರ ಹೊಡೆಯುತ್ತಾರೆ ಎಂದು ನಾನು ಹೆದರಿದೆ. ಹೊಡೆಯಲಿಲ್ಲ. ಅದಕ್ಕೆ ತಿದ್ದುಪಡಿ ಬರೆಯಲು ಕೂತರು. ಆ ಕಣ್ಣಿನಲ್ಲಿ ವಾರಗಟ್ಟಲೆ ಹಿಡಿಯಿತು. ಅವರು ಹೇಳುವುದು, ನಾನು ಬೆರಳಚ್ಚು ಮಾಡುವುದು, ಮತ್ತೆ ಗಟ್ಟಿಯಾಗಿ ಓದುವುದು. ಕಳಿಸುವ ಹೊತ್ತಿಗೆ ಹೆಸರು ಹಾಕಲು ಹೋದರೆ ನನ್ನ ಕೈ ಹಿಡಿದರು.

“ಬ್ಯಾಡ. ನನ್ನ ಹೆಸ್ರು ನೋಡಿದ್ರೆ ಒಳಗೇನೈತೆ ಅಂತಾನೂ ನೋಡಲ್ಲ ಅವ್ಳು. ಸುಮ್ನೆ ಏನೋ ಒಂದು ಹೆಸ್ರು ಹಾಕು.”

ನಾನು ಅವರ ಮುಖವನ್ನೇ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿ, “ಗೊತ್ತಾಯ್ತು ಬಿಡು. ನೀನೇನೂ ಹೇಳ್ಬ್ಯಾಡ” ಎಂದರು. ನಾನು ಏನೋ ಒಂದು ಹೆಸರು ಹಾಕಿ ಕಳಿಸಿದೆ.

ಕೆಲವೇ ದಿನಗಳಲ್ಲಿ ಹಳಿ ಅದನ್ನು ಸೇರಿಸಿಕೊಂಡಿತು. ಒಂದು ಪ್ರಶ್ನೆಯಿಲ್ಲ, ಒಂದು ಮಾತಿಲ್ಲ. ಸಂತೋಷಪಡುವುದು ಬಿಟ್ಟು ಸಿದ್ದಣ್ಣ ಕೊರಗಿದರು. “ಓದಿ ತಗೊಂಡ್ಲೋ, ಓದ್ದೆ ತಗೊಂಡ್ಲೋ? ಒಂದು ಮಾತಾದ್ರೂ ಬರೀಬಾರ್ದಾ ಅವ್ಳು? ಕೆಡವೋ ವಿಚಾರ ಕಣಮ್ಮ ಅದು, ಹಂಗೆಲ್ಲ ಓದ್ದೆ ತಗೋಬಾರ್ದು.” ನಾನು ಹೋದಾಗಲೆಲ್ಲ ಏನಾದರೂ ಬಂತಾ ನೋಡು ಎನ್ನುವರು. ಬರಲಿಲ್ಲ. ನಾನೇ ಅವಳಿಗೆ ಬರೆಯುತ್ತೇನೆ ಎಂದರೆ ಮೈಮೇಲೆ ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದ ತಮ್ಮನಿಗೆ, “ಗ್ಯಾಸೋ ಏನೋ, ಯಾರಿಗ್ಗೊತ್ತು” ಎಂದರಂತೆ.

ಮೊನ್ನೆ ಯಾವುದೋ ಮದುವೆಗೆಂದು ಅಜ್ಜಂಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಗೌತಮಿ ಕಂಡಳು. ಅವಳೇ ಸ್ಕೂಟರು ನಿಲ್ಲಿಸಿ ಮಾತಾಡಿಸಿದಳು. ಸಿದ್ದಣ್ಣ ಹೋದ ಸುದ್ದಿ ಅವಳಿಗೂ ತಿಳಿದಿತ್ತು. ನನಗೆ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ, ಕೇಳಿಯೇಬಿಟ್ಟೆ. “ಡೇಟಾಬೇಸ್ ಹೆಸ್ರಿನ ಆ ತಿದ್ದುಪಡಿ ಬಂದಿತ್ತಲ್ಲ, ಅದನ್ನ ಓದಿದ್ಯೇನಮ್ಮ?”

“ಒಂದೊಂದು ಸಾಲೂ ಓದ್ದೆ ಮೇಡಂ. ಬೇರೆಯೋರಾದ್ರೆ ಒಂದು ತಪಾಸಣೆ ಇಡ್ತಾರೆ. ಅದ್ರಲ್ಲಿ ಆ ತಪಾಸಣೇನೇ ನಂಬ್ದೆ ಅದಕ್ಕಿನ್ನೊಂದು ತಪಾಸಣೆ ಇತ್ತು. ಅವ್ರನ್ನ ಬಿಟ್ಟು ಇನ್ಯಾರು ಹಂಗೆ ಬರೀತಾರೆ?”

“ಗೊತ್ತಿತ್ತಾ! ಹಂಗಾದ್ರೆ ಒಂದು ಮಾತು ಬರೀಬೋದಿತ್ತಲ್ಲೇ ತಾಯಿ.”

“ಬರೆದಿದ್ರೆ, ನಂಗೆ ಗೊತ್ತಾಯ್ತು ಅಂತ ಅನುಮಾನ ಬಂದು ನಿಲ್ಲಿಸ್ಬಿಡ್ತಿದ್ರು ಮೇಡಂ. ಇನ್ನೊಂದು ಕಳಿಸ್ತಾರೇನೋ ಅಂತ ಕಾಯ್ತಾ ಇದ್ದೆ.”

“ಅವ್ರೂ ಕಾಯ್ತಿದ್ರು ಕಣೇ. ನಿನ್ನದೊಂದು ಮಾತಿಗೆ” ಎಂದೆ.

ಗೌತಮಿ ಹೆಲ್ಮೆಟ್ಟು ಹಾಕಿಕೊಂಡಳು. ಅದರ ಗಾಜನ್ನೂ ಇಳಿಸಿಕೊಂಡಳು. ಗಾಡಿ ಮಾತ್ರ ಸ್ಟಾರ್ಟ್ ಮಾಡಲಿಲ್ಲ.